ಕಾಲ್ಪನಿಕ ವೇತನ, ನಿಜವಾದ ವರ್ಷಗಳು

ಕರ್ನಾಟಕದ ಅನುದಾನಿತ ಶಾಲೆಗಳ ಎಷ್ಟೋ ಮೇಷ್ಟ್ರುಗಳ ಪಿಂಚಣಿ ಕಡತದಲ್ಲಿ ಎರಡು ತಾರೀಖುಗಳಿರುತ್ತವೆ. ಒಂದು, ಕೆಲಸಕ್ಕೆ ಸೇರಿದ್ದು. ಇನ್ನೊಂದು, ಅವರ ಹುದ್ದೆ ಸರ್ಕಾರದ ವೇತನಾನುದಾನಕ್ಕೆ ಒಳಪಟ್ಟಿದ್ದು. ನಡುವಿನ ವರ್ಷಗಳನ್ನು ಪಿಂಚಣಿಗೆ ಲೆಕ್ಕ ಹಿಡಿಯಬೇಕೇ ಎಂಬ ಜಗಳಕ್ಕೆ ನಮ್ಮ ಶಿಕ್ಷಣದ ಇತಿಹಾಸದಷ್ಟೇ ಹಳೆಯ ಬೇರುಗಳಿವೆ.

1854ರ ವುಡ್ಸ್ ಡಿಸ್ಪ್ಯಾಚ್ ಒಂದು ದಾರಿ ತೋರಿಸಿತು: ಎಲ್ಲ ಶಾಲೆಗಳನ್ನೂ ಸರ್ಕಾರವೇ ತೆರೆಯಬೇಕಿಲ್ಲ, ಖಾಸಗಿಯವರು ನಡೆಸಿದರೆ ಸಹಾಯಧನ ಕೊಟ್ಟರಾಯಿತು. ಮಂಗಳೂರಿನ ಬಾಸೆಲ್ ಮಿಶನ್, 1916ರಲ್ಲಿ ಬೆಳಗಾವಿಯಲ್ಲಿ ಏಳು ಮಂದಿ ಶಿಕ್ಷಕರು ಕಟ್ಟಿದ ಕೆಎಲ್‌ಇ ಸಂಸ್ಥೆ, ಊರೂರಿನ ಮಠಗಳು, ಸಂಘಗಳು ಶಾಲೆ ತೆರೆದವು. ಆದರೆ ಅನುದಾನ ಮೊದಲ ದಿನವೇ ಬರುವಂಥದ್ದಲ್ಲ. ಶಾಲೆ ನಡೆದು, ಮಾನ್ಯತೆ ಪಡೆದು, ನೆಲೆ ನಿಂತ ಮೇಲೆ ಬರುವಂಥದ್ದು. ಅಲ್ಲಿಯವರೆಗೆ ಆಡಳಿತ ಮಂಡಳಿ ಕೊಟ್ಟಷ್ಟೇ ಸಂಬಳ. ಅಂದರೆ ಮೇಷ್ಟ್ರು ಕಾದದ್ದು ಆಕಸ್ಮಿಕವಲ್ಲ. ಅವರನ್ನು ಕಾಯಿಸುವುದು ಈ ವ್ಯವಸ್ಥೆಯ ರಚನೆಯಲ್ಲೇ ಇತ್ತು.

ವೃದ್ಧಾಪ್ಯದ ಪ್ರಶ್ನೆ ಆಮೇಲೆ ಎದ್ದಿತು. 1952–53ರ ಮುದಲಿಯಾರ್ ಆಯೋಗ ಪಿಂಚಣಿ, ಭವಿಷ್ಯನಿಧಿ, ವಿಮೆ ಮೂರೂ ಸೇರಿದ ‘ಟ್ರಿಪಲ್ ಬೆನಿಫಿಟ್’ ಯೋಜನೆ ಬೇಕೆಂದಿತು. 1964–66ರ ಕೊಠಾರಿ ಆಯೋಗ, ಖಾಸಗಿ ಶಾಲೆಯ ಶಿಕ್ಷಕರಿಗೂ ಸರ್ಕಾರಿ ನೌಕರರಿಗೂ ನಿವೃತ್ತಿ ಸೌಲಭ್ಯದಲ್ಲಿ ಸಮಾನತೆ ಇರಬೇಕೆಂದಿತು. ಕ್ರಮೇಣ ಅನುದಾನಿತ ಶಿಕ್ಷಕರಿಗೆ ಪಿಂಚಣಿ ಬಂತು. ಅನುದಾನಕ್ಕೆ ಮುಂಚಿನ ಸೇವೆ ಮಾತ್ರ ತಕರಾರಿನಲ್ಲೇ ಉಳಿಯಿತು.

ಆ ವರ್ಷಗಳ ವಾರ್ಷಿಕ ಬಡ್ತಿಗಳನ್ನು ಕಾಗದದ ಮೇಲೆ ಕೊಟ್ಟು, ಹಿಂಬಾಕಿ ಕೊಡದೆ, ಇಂದಿನ ವೇತನವನ್ನಷ್ಟೇ ನಿಗದಿಪಡಿಸಿ ಎಂಬುದು ಶಿಕ್ಷಕರ ಬೇಡಿಕೆ. ಇದಕ್ಕೆ ‘ಕಾಲ್ಪನಿಕ ವೇತನ’ ಎಂದು ಹೆಸರು. ವಿಚಿತ್ರ ಹೆಸರು, ಪಾಠ ಮಾಡಿದ್ದೇನೂ ಕಲ್ಪನೆಯಲ್ಲವಲ್ಲ!

ಲೆಕ್ಕ ಸರಳ. ಬಹುಕಾಲ ಜಾರಿಯಲ್ಲಿದ್ದ ನಿಯಮದಂತೆ 33 ವರ್ಷ ಸೇವೆಗೆ ಪೂರ್ಣ ಪಿಂಚಣಿ, ಎಂದರೆ ಕೊನೆಯ ಮೂಲವೇತನದ ಅರ್ಧ. ಅನುದಾನವಿಲ್ಲದೆ 12, ಅನುದಾನದಲ್ಲಿ 21 ವರ್ಷ ದುಡಿದವರ ಕೊನೆಯ ಮೂಲವೇತನ 30,000 ರೂಪಾಯಿ ಎಂದಿಟ್ಟುಕೊಳ್ಳಿ. ಪೂರ್ಣ ಸೇವೆ ಹಿಡಿದರೆ 15,000. 21 ವರ್ಷವಷ್ಟೇ ಹಿಡಿದರೆ ಸುಮಾರು 9,545. ಬಡ್ತಿ ತಪ್ಪಿದ್ದರಿಂದ ಆ ಮೂಲವೇತನವೇ ಕಡಿಮೆಯಾಗಿರುತ್ತದೆ ಎಂಬುದು ಬೇರೆ ಮಾತು.

ನ್ಯಾಯಾಲಯಗಳಲ್ಲೂ ಸದನದಲ್ಲೂ ಎಳೆದಾಡಿದ ವಿಷಯಕ್ಕೆ 2014ರಲ್ಲಿ ರಾಜ್ಯ ಸರ್ಕಾರ ಖಾಸಗಿ ಅನುದಾನಿತ ಶಿಕ್ಷಣ ಸಂಸ್ಥೆಗಳ ನೌಕರರ ವೇತನ, ಪಿಂಚಣಿ ಕುರಿತ ಕಾಯ್ದೆ ತಂದು ಬಾಗಿಲು ಹಾಕಿತು: ಅನುದಾನಕ್ಕೆ ಮುಂಚಿನ ಸೇವೆ ಲೆಕ್ಕಕ್ಕಿಲ್ಲ. ಖಜಾನೆಯಿಂದ ಸಂಬಳ ಹೋಗದ ಅವಧಿಗೆ ಖಜಾನೆ ಏಕೆ ಪಿಂಚಣಿ ಕೊಡಬೇಕು ಎಂಬ ವಾದವನ್ನು ತಳ್ಳಿಹಾಕುವಂತಿಲ್ಲ. ಆ ಹೊರೆ ಸಣ್ಣದೂ ಅಲ್ಲ. ಆದರೆ ಅದೇ ಅವಧಿಯಲ್ಲಿ ಆ ಊರಿನಲ್ಲಿ ತಾನು ಶಾಲೆ ತೆರೆಯದೆ ಸರ್ಕಾರ ಉಳಿಸಿಕೊಂಡ ಹಣ ಈ ಲೆಕ್ಕದಲ್ಲಿ ಎಲ್ಲಿಯೂ ಕಾಣುವುದಿಲ್ಲ. ನನಗೆ ಇದೇ ದೊಡ್ಡ ಲೋಪವಾಗಿ ತೋರುತ್ತದೆ.

ಇದರ ಮೇಲೆ 2006ರ ಗೆರೆಯೊಂದಿದೆ. ಆ ವರ್ಷದ ಏಪ್ರಿಲ್ 1ರಿಂದ ರಾಜ್ಯದಲ್ಲಿ ಹೊಸದಾಗಿ ಸೇರಿದವರಿಗೆ ಹಳೆಯ ಪಿಂಚಣಿ ನಿಂತಿತು. ಅದಕ್ಕೂ ಮೊದಲೇ ನೇಮಕವಾಗಿ, ಅನುದಾನ ಮಾತ್ರ ಆ ದಿನದ ನಂತರ ಸಿಕ್ಕ ಶಿಕ್ಷಕರಿದ್ದಾರೆ. ಅವರ ಮಟ್ಟಿಗೆ ಎರಡು ತಾರೀಖುಗಳಲ್ಲಿ ಯಾವುದನ್ನು ಹಿಡಿಯುತ್ತಾರೆ ಎಂಬುದರ ಮೇಲೆ ಹೋಗುವುದು ಒಂದಷ್ಟು ರೂಪಾಯಿಯಲ್ಲ, ಇಡೀ ಪಿಂಚಣಿ.