ಕೊಬ್ಬರಿ ಲಾರಿಯ ಕಾವಲು

ಕಾಯಿ ಅಟ್ಟದ ಮೇಲೆ ಹತ್ತು-ಹನ್ನೆರಡು ತಿಂಗಳು ಕೂತರೆ ಉಂಡೆ ಕೊಬ್ಬರಿ. ನಮ್ಮ ಕಡೆ ಚೀಲ ಕದ್ದರೆ ವರ್ಷವನ್ನೇ ಕದ್ದಂತೆ. ತುರುವೇಕೆರೆಯಿಂದ ತಿಪಟೂರಿಗೆ ತಾತ ಒಂಟಿಗಾಡಿ ಹೊಡೆಯುತ್ತಿರಲಿಲ್ಲವಂತೆ. ಸಾಲುಗಾಡಿ, ಅಚ್ಚಿನ ಕೆಳಗೆ ಲಾಟೀನು, ಕೊನೆಯ ಗಾಡಿಗೆ ನಾಯಿ. 1889ರಲ್ಲಿ ಬೆಂಗಳೂರು-ಹರಿಹರ ರೈಲುದಾರಿ ಪೂರ್ತಿಯಾದ ಮೇಲೆ ತಿಪಟೂರಿನಿಂದಾಚೆಗೆ ವ್ಯಾಗನ್ನಿನ ಬಾಗಿಲಿಗೆ ಬೀಗ ಬಿತ್ತು. ಲಾರಿಗೆ ಬಾಗಿಲೆಲ್ಲಿ? ಟಾರ್ಪಾಲು, ಹಗ್ಗ, ಒಬ್ಬ ಕ್ಲೀನರ್ ಹುಡುಗ. ದೆಹಲಿ ದಾರಿಯ ಏರಿನಲ್ಲಿ ಲಾರಿ ತೆವಳುವಾಗ ಕಳ್ಳರು ಹಿಂದಿನಿಂದ ಹತ್ತಿ ಹಗ್ಗ ಕುಯ್ಯುತ್ತಾರೆ. ಡ್ರೈವರಿಗೆ ತಿಳಿಯುವುದು ಢಾಬಾದಲ್ಲಿ. ಅಣ್ಣನ ಲಾರಿಯಿಂದ ಹೀಗೆ ಆರು ಚೀಲ ಹೋದವು. ಬೈಸಿಕೊಂಡ ಕ್ಲೀನರ್ ನನ್ನ ಹಳೆಯ ವಿದ್ಯಾರ್ಥಿ. ‘ಎರಡು ರಾತ್ರಿ ಎದ್ದಿದ್ದೆ ಮಿಸ್, ಮೂರನೇ ರಾತ್ರಿ ಆಗಲಿಲ್ಲ’ ಅಂದ. ಸಂಬಳದಲ್ಲಿ ಮುರಿಯಬೇಡ ಎಂದು ಅಣ್ಣನೊಡನೆ ಜಗಳವಾಡಿದೆ. ಈಗ ಲಾರಿ ಎಲ್ಲಿದೆಯೆಂದು ಅಣ್ಣ ಫೋನಿನಲ್ಲೇ ನೋಡುತ್ತಾನೆ. ಹಗ್ಗ ಮುಟ್ಟಿ ನೋಡಲು ಮಾತ್ರ ಯಾರಾದರೂ ಕತ್ತಲಲ್ಲಿ ಇಳಿಯಲೇಬೇಕು.