ಕೋಟೆಯ ಮಣ್ಣು, ಬಿದರಿಯ ಕಪ್ಪು

ಊರಿನಿಂದ ಯಾರೇ ಬರಲಿ, ಚಾರ್ಮಿನಾರ್ ನೋಡಿದ ಮೇಲೆ ಸಾಲಾರ್ ಜಂಗ್ ಮ್ಯೂಸಿಯಂಗೆ ಕರೆದೊಯ್ಯುವುದು ಹೈದರಾಬಾದಿನ ನಮ್ಮ ಮನೆಯ ರೂಢಿ. ಬಂದವರು ಮುಸುಕಿನ ರೆಬೆಕ್ಕಾಳ ಅಮೃತಶಿಲೆಯ ಪ್ರತಿಮೆಯೆದುರು ಮೈಮರೆಯುತ್ತಾರೆ. ನಾನು ಮೆಲ್ಲಗೆ ಬಿದರಿ ಸಾಮಾನುಗಳ ಕಡೆ ಜಾರಿಕೊಳ್ಳುತ್ತೇನೆ. ಅಲ್ಲಿ ನನ್ನದೊಂದು ಹಳೆಯ ತಪ್ಪಿನ ಲೆಕ್ಕವಿದೆ.

ಬೀದರಿನ ನಮ್ಮ ಮನೆಯಲ್ಲಿ ಮುತ್ಯಾನ ಕಾಲದ ಬಿದರಿ ಎಲೆಯಡಿಕೆ ಡಬ್ಬಿ ಇತ್ತು. ಚಿಕ್ಕವನಿದ್ದಾಗ ಒಂದು ದೀಪಾವಳಿಗೆ ಹಿತ್ತಾಳೆ ಪಾತ್ರೆಗಳ ಜೊತೆ ಅದಕ್ಕೂ ಹುಣಸೆಹಣ್ಣು ಹಚ್ಚಿ ಗಸಗಸ ತಿಕ್ಕಿಬಿಟ್ಟೆ. ಕಪ್ಪು ಹೋಗಿ ಬೂದುಬಣ್ಣ ಬಂತು. ಬೆಳ್ಳಿಯ ಹೂಬಳ್ಳಿ ಎಲ್ಲಿದೆಯೆಂದು ಹುಡುಕಬೇಕಾಯಿತು. ಆಯಿ ಬೈಯಲಿಲ್ಲ. "ಅದು ಹೊಲಸಲ್ಲೋ ತಮ್ಮಾ, ಅದರ ಬಣ್ಣಾನ ಅದು" ಅಂದಳು.

ಆ ಬಣ್ಣದ ಕಥೆ ತಿಳಿದದ್ದು ಬಹಳ ತಡವಾಗಿ. ಹೆಚ್ಚು ಸತು, ಸ್ವಲ್ಪ ತಾಮ್ರ ಬೆರೆಸಿ ಅಚ್ಚು ಹೊಯ್ಯುತ್ತಾರೆ. ಅರದಿಂದ ನುಣುಪು ಮಾಡಿ, ಮೈಲುತುತ್ತದಿಂದ ಕಪ್ಪಾಗಿಸಿ, ಚಿತ್ತಾರ ಬರೆದು ಉಳಿಯಿಂದ ಕೊರೆಯುತ್ತಾರೆ. ಆ ಗೀರುಗಳಿಗೆ ಬೆಳ್ಳಿಯ ತಂತಿಯನ್ನೋ ತಗಡನ್ನೋ ಬಡಿದು ಕೂರಿಸುತ್ತಾರೆ. ಮತ್ತೆ ಉಜ್ಜಿದಾಗ ಲೋಹ, ಬೆಳ್ಳಿ ಎರಡೂ ಒಂದೇ ಥರ ಕಾಣುತ್ತವೆ. ಆಗ ಬರುತ್ತದೆ ಬೀದರ್ ಕೋಟೆಯ ಮಣ್ಣು. ಬಹುಕಾಲ ಬಿಸಿಲು, ಮಳೆ ತಾಗದ ಜಾಗದ್ದೇ ಆಗಬೇಕು. ಕೆಲಸಗಾರರು ನಾಲಿಗೆಯ ಮೇಲಿಟ್ಟು ಪರೀಕ್ಷಿಸುತ್ತಾರೆ. ನವಸಾಗರ ಬೆರೆಸಿದ ಆ ಮಣ್ಣಿನ ನೀರು ತಾಗಿದರೆ ಲೋಹ ಕಾಡಿಗೆಯಂತೆ ಕಪ್ಪಾಗುತ್ತದೆ. ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ.

ಈ ಕಸುಬು ಬಹಮನಿಗಳ ಕಾಲದಲ್ಲಿ ಇರಾನಿನ ಕಡೆಯಿಂದ ಬಂತೆನ್ನುತ್ತಾರೆ. ಗುಲ್ಬರ್ಗದಿಂದ ಬೀದರಿಗೆ ರಾಜಧಾನಿ ತಂದ ಅಹಮದ್ ಶಾಹನ ಗೋರಿ ಊರ ಹೊರಗೆ ಅಷ್ಟೂರಿನಲ್ಲಿದೆ. ಅವನು ಕೆಲವರಿಗೆ ವಲಿ, ಕೆಲವರಿಗೆ ಅಲ್ಲಮಪ್ರಭು. ಅವನ ಉರುಸಿಗೆ ಇವತ್ತಿಗೂ ಜಂಗಮರು ಬರುತ್ತಾರೆ. ಹೊರಗಿನಿಂದ ಬಂದದ್ದನ್ನು ತನ್ನದಾಗಿಸಿಕೊಳ್ಳುವ ಗುಣ ನಮ್ಮೂರಿನ ಲೋಹಕ್ಕಷ್ಟೇ ಅಲ್ಲ, ಭಕ್ತಿಗೂ ಇದೆ.

1948ರವರೆಗೆ ಬೀದರ್ ನಿಜಾಮರ ಆಳ್ವಿಕೆಯಲ್ಲಿತ್ತು. 1956ರ ನವೆಂಬರ್ 1ರಂದು ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಉರ್ದುವಿನಲ್ಲಿ ಶಾಲೆ ಕಲಿತ ಮುತ್ಯಾ ಹೈದರಾಬಾದನ್ನು ಕೊನೆಯವರೆಗೂ ಪರಊರು ಅನ್ನಲಿಲ್ಲ. ನೌಕರಿಗೆಂದು ಬಂದ ನಾನು ಇಲ್ಲಿ ವಲಸಿಗ! 1949ರಲ್ಲಿ ತೀರಿಕೊಂಡ ಮೂರನೇ ಸಾಲಾರ್ ಜಂಗರ ಸಂಗ್ರಹ 1951ರಲ್ಲಿ ಮ್ಯೂಸಿಯಂ ಆಯಿತು. ನಮ್ಮೂರಿನ ಹೆಸರು ಹೊತ್ತ ಹುಕ್ಕಾ, ಹೂದಾನಿಗಳು ನನಗಿಂತ ಮೊದಲೇ ಈ ಊರಿಗೆ ಬಂದು ಕೂತಿವೆ. ಅವುಗಳೆದುರು ಸಂಗ್ರಹಿಸಿದವರ ಹೆಸರು ಕಂಡಿತು, ಮಾಡಿದವರದು ಕಾಣಲಿಲ್ಲ. 2023ರಲ್ಲಿ ಬೀದರಿನ ಶಾ ರಶೀದ್ ಅಹಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂದಾಗ ಆ ಹೆಸರಿಲ್ಲದವರೆಲ್ಲ ನೆನಪಾದರು.

ನಿಜ ಹೇಳಬೇಕೆಂದರೆ, ಹುಣಸೆಹಣ್ಣಿನ ತಪ್ಪನ್ನು ನಾನು ಎರಡನೇ ಸಲವೂ ಮಾಡಿದ್ದೇನೆ. ಆಫೀಸಿನಲ್ಲಿ ಬೆಂಗಳೂರಿನ ಗೆಳೆಯರು ನಕ್ಕರೆಂದು ನನ್ನ ಉರ್ದು ಬೆರೆತ ಬೀದರ್ ಕನ್ನಡವನ್ನು ತಿಕ್ಕಿ ತಿಕ್ಕಿ ತೊಳೆದೆ. ಮಾತು ಸ್ವಚ್ಛವಾಯಿತು. ಅದರಲ್ಲಿ ನಾನೆಲ್ಲಿದ್ದೇನೆಂದು ಹುಡುಕಬೇಕಾಯಿತು.

ಹೋದ ವರ್ಷ ಆ ಡಬ್ಬಿಯನ್ನು ಬೀದರಿಗೆ ಒಯ್ದೆ. ಕೆಲಸಗಾರರೊಬ್ಬರು ಉಜ್ಜಿ, ಕಾಯಿಸಿ, ಮಣ್ಣು ಹಚ್ಚಿ ತೊಳೆದರು. ಕಪ್ಪು ಮರಳಿತು, ಬಳ್ಳಿ ಎದ್ದು ಬಂತು. ನೋಡಲು ಆಯಿ ಇರಲಿಲ್ಲ. ಡಬ್ಬಿಗೆ ಎಣ್ಣೆ ಸವರುತ್ತ ಅವರು, "ಯಾವೂರ್ರೀ ನಿಮ್ದು?" ಅಂದರು.

"ಇದೇ ಊರ್ರೀ" ಅಂದೆ. ಮಾತು ಹಳೆಯ ರಾಗದಲ್ಲೇ ಬಂತು.