ಬಾಲ್ಯವಿವಾಹ ನಿಷೇಧ (ಕರ್ನಾಟಕ ತಿದ್ದುಪಡಿ) ಅಧಿನಿಯಮ, 2016

ಬಾಲ್ಯವಿವಾಹ ನಿಷೇಧ (ಕರ್ನಾಟಕ ತಿದ್ದುಪಡಿ) ಅಧಿನಿಯಮ, 2016 ಎಂಬುದು ಕೇಂದ್ರದ 2006ರ ಬಾಲ್ಯವಿವಾಹ ನಿಷೇಧ ಅಧಿನಿಯಮವನ್ನು ಕರ್ನಾಟಕದ ಮಟ್ಟಿಗೆ ತಿದ್ದಿದ ರಾಜ್ಯ ಶಾಸನ. ಇದು ಜಾರಿಗೆ ಬಂದ ದಿನದಿಂದ ನಡೆದ ಪ್ರತಿಯೊಂದು ಬಾಲ್ಯವಿವಾಹವೂ ಆರಂಭದಿಂದಲೇ ಅಸಿಂಧು. ಅಂದರೆ ಕಾನೂನಿನ ದೃಷ್ಟಿಯಲ್ಲಿ ಆ ಮದುವೆ ನಡೆದೇ ಇಲ್ಲ. ವಿವಾಹವು ಸಂವಿಧಾನದ ಸಮವರ್ತಿ ಪಟ್ಟಿಗೆ ಸೇರಿದ ವಿಷಯ. ಆದಕಾರಣ ಕೇಂದ್ರ ಕಾಯಿದೆಗಿಂತ ಭಿನ್ನವಾದ ಈ ನಿಯಮಕ್ಕೆ 254(2)ನೆಯ ವಿಧಿಯಂತೆ ರಾಷ್ಟ್ರಪತಿಗಳ ಅಂಕಿತ ಬೇಕಾಯಿತು. ಅದು 2017ರಲ್ಲಿ ದೊರೆಯಿತು.

ಹಿನ್ನೆಲೆ

ಈ ವಿಷಯದಲ್ಲಿ ಶಾಸನ ಮಾಡುವುದು ಕನ್ನಡ ನಾಡಿಗೆ ಹೊಸತಲ್ಲ. ಕೆ. ಶೇಷಾದ್ರಿ ಅಯ್ಯರ್ ಅವರು ದಿವಾನರಾಗಿದ್ದಾಗ, 1894ರಲ್ಲಿ, ಮೈಸೂರು ಸಂಸ್ಥಾನವು ಎಂಟು ವರ್ಷ ತುಂಬದ ಹೆಣ್ಣುಮಕ್ಕಳ ವಿವಾಹವನ್ನೂ, ಐವತ್ತು ದಾಟಿದ ಪುರುಷರು ಹದಿನಾಲ್ಕರೊಳಗಿನ ಬಾಲಕಿಯರನ್ನು ಮದುವೆಯಾಗುವುದನ್ನೂ ನಿಷೇಧಿಸಿತು. ಎಂಟು ವರ್ಷವೆಂಬ ಮಿತಿ ಇಂದು ಅತ್ಯಲ್ಪವೆನಿಸಬಹುದು. ಆದರೆ ಬ್ರಿಟಿಷ್ ಇಂಡಿಯಾದಲ್ಲಿ ಶಾರದಾ ಕಾಯಿದೆ ಬಂದದ್ದು ಇದಾದ 35 ವರ್ಷಗಳ ಅನಂತರ, 1929ರಲ್ಲಿ. ವಿವಾಹದ ಕನಿಷ್ಠ ವಯಸ್ಸು ಹೆಣ್ಣಿಗೆ 18, ಗಂಡಿಗೆ 21 ಎಂದು ನಿಗದಿಯಾದುದು 1978ರ ತಿದ್ದುಪಡಿಯಿಂದ.

ಕರ್ನಾಟಕ ಉಚ್ಚ ನ್ಯಾಯಾಲಯದ ನಿರ್ದೇಶನದ ಮೇರೆಗೆ, ಸರ್ವೋಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಶಿವರಾಜ ವಿ. ಪಾಟೀಲರ ಅಧ್ಯಕ್ಷತೆಯಲ್ಲಿ ರಚಿತವಾದ ಸಮಿತಿಯು 2011ರಲ್ಲಿ ವರದಿ ನೀಡಿತು. ಬಾಲ್ಯವಿವಾಹವನ್ನು ಅಸಿಂಧುವೆಂದು ಸಾರಬೇಕೆಂಬುದು ಅದರ ಮುಖ್ಯ ಶಿಫಾರಸು.

ತಿದ್ದುಪಡಿಯ ಸ್ವರೂಪ

ಮೂಲ ಕಾಯಿದೆಯ 3ನೆಯ ಕಲಮಿನಂತೆ ಬಾಲ್ಯವಿವಾಹವು ರದ್ದುಪಡಿಸಬಹುದಾದ ವಿವಾಹ ಮಾತ್ರ. ಮದುವೆಯ ವೇಳೆ ಮಗುವಾಗಿದ್ದವರು ಪ್ರಾಪ್ತವಯಸ್ಕರಾದ ಎರಡು ವರ್ಷಗಳೊಳಗೆ ಜಿಲ್ಲಾ ನ್ಯಾಯಾಲಯಕ್ಕೆ ಅರ್ಜಿ ಹಾಕಿಕೊಂಡರಷ್ಟೇ ಅದು ರದ್ದಾಗುತ್ತದೆ. ಇಲ್ಲವಾದರೆ ಊರ್ಜಿತವಾಗಿಯೇ ಉಳಿಯುತ್ತದೆ. ಗಂಡನ ಮನೆಯಲ್ಲಿರುವ, ಪ್ರಾಯಶಃ ಅಷ್ಟರಲ್ಲಿ ತಾಯಿಯೂ ಆಗಿರುವ ಹುಡುಗಿಯೊಬ್ಬಳು ತಾನಾಗಿ ನ್ಯಾಯಾಲಯದ ಮೆಟ್ಟಿಲೇರುವುದು ಸುಲಭವಲ್ಲ. ಕರ್ನಾಟಕವು ಸೇರಿಸಿದ 3(1ಎ) ಉಪಕಲಮು ಈ ಹೊರೆಯನ್ನು ಅವಳ ತಲೆಯಿಂದ ಇಳಿಸಿತು. ತಪ್ಪಿತಸ್ಥರಿಗೆ ಕನಿಷ್ಠ ಒಂದು ವರ್ಷದ ಸೆರೆವಾಸವನ್ನೂ ತಿದ್ದುಪಡಿ ವಿಧಿಸಿತು.

2017ರ ಅಕ್ಟೋಬರ್ 11ರಂದು, ಇಂಡಿಪೆಂಡೆಂಟ್ ಥಾಟ್ ಪ್ರಕರಣದ ತೀರ್ಪಿನಲ್ಲಿ, ಕರ್ನಾಟಕದ ಮಾರ್ಗವನ್ನು ಇತರ ರಾಜ್ಯಗಳೂ ಅನುಸರಿಸುವುದು ವಿವೇಕಯುತವೆಂದು ಸರ್ವೋಚ್ಚ ನ್ಯಾಯಾಲಯ ಅಭಿಪ್ರಾಯಪಟ್ಟಿತು.

ಮಗು ಮತ್ತು ಕುಟುಂಬ

ಬಾಲ್ಯವಿವಾಹದ ಅಪಾಯದಲ್ಲಿರುವ ಮಗುವು 2015ರ ಬಾಲನ್ಯಾಯ ಕಾಯಿದೆಯಂತೆ ಪಾಲನೆ ಮತ್ತು ರಕ್ಷಣೆಯ ಅಗತ್ಯವುಳ್ಳ ಮಗು. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಬಂದು ಮಗುವನ್ನು ರಕ್ಷಿಸಿದ ಮೇಲೆ, ಪ್ರಯಾಣದ ಅವಧಿಯನ್ನು ಬಿಟ್ಟು 24 ಗಂಟೆಗಳೊಳಗೆ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಸಮಿತಿಯು ತಂದೆತಾಯಿಗಳಿಗೆ ತಿಳಿವಳಿಕೆ ಹೇಳಿ ಮಗುವನ್ನು ಮನೆಗೆ ಕಳುಹಿಸಬಹುದು, ಇಲ್ಲವೇ ಬಾಲಮಂದಿರದಲ್ಲಿ ಇರಿಸಬಹುದು. ಬೆಂಗಳೂರಿನಲ್ಲಿ ಜಯನಗರದ ಪೂರ್ವಕ್ಕೆ, ಹೊಸೂರು ರಸ್ತೆಯಲ್ಲಿ, ಬಾಲಕಿಯರ ಸರ್ಕಾರಿ ಬಾಲಮಂದಿರವಿದೆ. ಮಗುವಿಗೆ ಮೊದಲ ಆಶ್ರಯ ಕುಟುಂಬವೇ, ಸಂಸ್ಥೆ ಕೊನೆಯ ಉಪಾಯ ಎಂಬುದು ಕಾಯಿದೆಯ ತತ್ತ್ವ. ಆದರೆ ಮದುವೆ ನಿಶ್ಚಯಿಸಿದವರೇ ಹೆತ್ತವರಾಗಿರುವಾಗ ಈ ತತ್ತ್ವವನ್ನು ಪಾಲಿಸುವುದು ಕಠಿಣ.

ಇನ್ನೊಂದು ತೊಡಕು ಶಾಸನದ ಒಳಗೇ ಇದೆ. ಹುಡುಗಿಯ ಜೀವನಾಂಶ ಮತ್ತು ವಸತಿಯನ್ನು ಕುರಿತ 4ನೆಯ ಕಲಮು, ಅವಳಿಗೆ ಹುಟ್ಟಿದ ಮಕ್ಕಳು ಔರಸರೆನ್ನುವ 6ನೆಯ ಕಲಮು, ಇವೆರಡೂ 3ನೆಯ ಕಲಮಿನಂತೆ ನ್ಯಾಯಾಲಯ ನೀಡುವ ರದ್ದತಿಯ ಡಿಕ್ರಿಯನ್ನು ಆಧರಿಸಿ ರಚಿತವಾದವು. ಮೊದಲೇ ಅಸಿಂಧುವಾದ ಮದುವೆಗೆ ಅಂಥ ಡಿಕ್ರಿಯ ಅಗತ್ಯವಿಲ್ಲ. ಹಾಗಿರುವಾಗ ಈ ರಕ್ಷಣೆಗಳನ್ನು ಅವಳು ಯಾವ ದಾರಿಯಿಂದ ಪಡೆಯಬೇಕೆಂಬ ಪ್ರಶ್ನೆ ಏಳುತ್ತದೆ.

ಅಂಕಿಅಂಶ

20ರಿಂದ 24ರ ವಯಸ್ಸಿನ ಮಹಿಳೆಯರಲ್ಲಿ 18 ತುಂಬುವ ಮೊದಲೇ ಮದುವೆಯಾದವರ ಪ್ರಮಾಣ, ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ನಾಲ್ಕನೆಯ ಸುತ್ತಿನಲ್ಲಿ (2015–16) ಕರ್ನಾಟಕದಲ್ಲಿ ಶೇ. 21.4 ಇದ್ದುದು ಐದನೆಯ ಸುತ್ತಿನಲ್ಲಿ (2019–21) ಶೇ. 21.3 ಆಗಿತ್ತು. ಇದನ್ನು ತಿದ್ದುಪಡಿಯ ವೈಫಲ್ಯವೆಂದು ಓದುವುದು ಸರಿಯಲ್ಲ. ಐದನೆಯ ಸುತ್ತಿನ ಆ ಮಹಿಳೆಯರಲ್ಲಿ ಬಹುಪಾಲಿನವರಿಗೆ ಹದಿನೆಂಟು ತುಂಬಿದ್ದು ತಿದ್ದುಪಡಿ ಜಾರಿಗೆ ಬರುವ ಮೊದಲೇ.